ಗಂಟೆಗೆ ಮೂವತ್ತಾರು ಸೆಕೆಂಡು

ಡ್ರಾಯಿಂಗ್ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು, ಕೊರಳಿಗೆ ತೂಗುಹಾಕಿಕೊಂಡಿದ್ದ ಗುಂಡಿಯನ್ನು ನಾಲ್ಕು ಗಂಟೆ ಹೊತ್ತು ಒತ್ತುತ್ತಲೇ ಇದ್ದರು. ಮೇಲಿನ ಮಹಡಿಯಲ್ಲಿ ಅವರ ಸೊಸೆ ಮನೆಯಲ್ಲೇ ಇದ್ದಳು. ಆದರೆ ಅವಳ ಅಡುಗೆಮನೆಯ ಗೋಡೆಗೆ ಹಾಕಿದ್ದ ಗಂಟೆ ಒಂದು ಸಲವೂ ಹೊಡೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆಯಲು ಇಳಿದು ಬಂದವಳು ನೋಡಿದರೆ ಮೇಷ್ಟ್ರ ಸೊಂಟದ ಮೂಳೆ ಬಿರುಕು ಬಿಟ್ಟಿತ್ತು, ಹೆಬ್ಬೆರಳು ಒತ್ತಿ ಒತ್ತಿ ಊದಿಕೊಂಡಿತ್ತು.

ಆ ಗುಂಡಿ ನಮ್ಮ ಕಂಪನಿಯದು. ಕಂಪನಿ ಎಂದರೆ ದೊಡ್ಡದೇನಲ್ಲ, ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಹನ್ನೊಂದು ಜನ. ವಯಸ್ಸಾದವರಿಗೆ, ಹಾಸಿಗೆ ಹಿಡಿದವರಿಗೆ ಕರೆಗಂಟೆ ಮಾಡುತ್ತೇವೆ. ಅದಕ್ಕೆ ಬೇಕಾದ ವೈರ್‌ಲೆಸ್ ಮಾಡ್ಯೂಲನ್ನು, ಅಂದರೆ ತಂತಿಯಿಲ್ಲದೆ ಸ್ವಲ್ಪ ದೂರಕ್ಕೆ ಮಾತ್ರ ಸಂದೇಶ ಕಳಿಸುವ ಉಗುರಿನಷ್ಟು ಅಗಲದ ಬಿಲ್ಲೆಯನ್ನು, ಆರಿಸುವುದು ನನ್ನ ಕೆಲಸ. ಅದನ್ನು ಅಳೆದು, ರೇಡಿಯೋ ತರಂಗಗಳನ್ನು ನೋಡಿಕೊಳ್ಳುವ ಇಲಾಖೆಗೆ ಅರ್ಜಿ ತುಂಬಿ, ಪರವಾನಗಿ ತರುವವನೂ ನಾನೇ. ಯಾರಾದರೂ ಬಾಯಿ ತಪ್ಪಿ "ಆಂಟೆನಾ ಒಂಚೂರು ಉದ್ದ ಮಾಡೋಣ ಸಾರ್" ಎಂದರೆ ಸಾಕು, ಅವರನ್ನು ಕೂರಿಸಿ ಅರ್ಧ ಗಂಟೆ ಕೊರೆಯುತ್ತೇನೆ. ಮಾತಿಗೊಮ್ಮೆ ಇಂಥ ಕಲಮು, ಇಂಥ ಉಪಕಲಮು ಎನ್ನುವುದರಿಂದ ನನಗೆ ಕಲಮಯ್ಯ ಎಂದು ಹೆಸರಿಟ್ಟಿದ್ದಾರೆ.

"ಕಲಮಯ್ಯ, ಹೋಗಿ ನೋಡ್ಕೊಂಡು ಬಾ" ಎಂದರು ಯಜಮಾನರು. "ನಮ್ಮ ಗುಂಡಿ ಕೈಕೊಟ್ಟಿದ್ದು ಇದೇ ಮೊದಲು. ಇಲಾಖೆಗೂ ತಿಳಿಸಿದೀನಿ, ಗುರುವಾರ ಯಾರನ್ನೋ ಕಳಿಸ್ತಾರಂತೆ."

ಅಳತೆಯ ಯಂತ್ರ ಹಿಡಿದು ಬೀದಿ ದಾಟಿ, ನನ್ನ ಮನೆಯ ಪಕ್ಕದ ಕಟ್ಟಡದಲ್ಲಿದ್ದ ಮೇಷ್ಟ್ರ ಮನೆಗೆ ಹೋದೆ. ಆಸ್ಪತ್ರೆಯಿಂದ ಕರೆತಂದು ಮಲಗಿಸಿದ್ದರು. ಯಂತ್ರವನ್ನು ಅವರ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಚಾಲೂ ಮಾಡಿದೆ. ಪರದೆಯ ಮೇಲೆ, ಯಾರೂ ಸಂದೇಶ ಕಳಿಸದಿದ್ದಾಗ ಬಯಲಿರಬೇಕಾದ ಜಾಗದಲ್ಲಿ, ಒಂದು ದಿಬ್ಬ ಎದ್ದು ನಿಂತಿತು. ಒಂದೂವರೆ ಸೆಕೆಂಡು ದಿಬ್ಬ, ಅರ್ಧ ಸೆಕೆಂಡು ಬಯಲು, ಮತ್ತೆ ದಿಬ್ಬ, ಮತ್ತೆ ಬಯಲು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಅಗತ್ಯವೇ ಇರಲಿಲ್ಲ, ಅದು ನನ್ನ ಹೆಂಡತಿಯ ಉಸಿರು.

ಹೀಗೆ ಹೇಳಿದರೆ ತಲೆಬುಡ ತಿಳಿಯುವುದಿಲ್ಲ, ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ನನ್ನ ಹೆಂಡತಿ ಟೈಲರ್. ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುತ್ತಿದ್ದಳು, ಬಾಯಿಯೂ ಕತ್ತರಿಯಷ್ಟೇ ಹರಿತ. ನರಗಳ ಕಾಯಿಲೆಯೊಂದು ಮೂರು ವರ್ಷದ ಕೆಳಗೆ ಅವಳ ಕಾಲಿನಿಂದ ಶುರುವಾಗಿ ಮೇಲಕ್ಕೆ ಹತ್ತಿತು. ಈಗ ಅವಳ ಹಿಡಿತದಲ್ಲಿ ಉಳಿದಿರುವುದು ಬಲ ತೋರುಬೆರಳು, ಹುಬ್ಬು, ಕಣ್ಣು, ಇಷ್ಟೇ. ಒಂದು ರಟ್ಟಿನ ಮೇಲೆ ಅಕ್ಷರಮಾಲೆಯನ್ನು ಸಾಲು ಸಾಲಾಗಿ ಬರೆದಿಟ್ಟಿದ್ದೇನೆ. ನಾನು ಬೆರಳು ಓಡಿಸುತ್ತೇನೆ, ಬೇಕಾದ ಅಕ್ಷರ ಬಂದಾಗ ಅವಳು ಹುಬ್ಬು ಏರಿಸುತ್ತಾಳೆ. ಬೇಡ ಎನ್ನಬೇಕಾದರೆ ಕಣ್ಣು ಮುಚ್ಚುತ್ತಾಳೆ. ಹೀಗೆ ಮಾತಾಡುತ್ತೇವೆ, ಜಗಳವನ್ನೂ ಹೀಗೆಯೇ ಆಡುತ್ತೇವೆ.

ಹಗಲು ಅವಳ ಜೊತೆ ಇರುವುದು ನನ್ನ ಅತ್ತೆ. ಅತ್ತೆಗೆ ಗುಡುಗು ಕೇಳಿಸಬೇಕಾದರೂ ಎರಡೆರಡು ಸಲ ಗುಡುಗಬೇಕು. ಕೂತಲ್ಲೇ ತೂಕಡಿಸುವುದರಲ್ಲಂತೂ ಅವರದು ಎತ್ತಿದ ಕೈ. ಅದಕ್ಕೇ ಹೆಂಡತಿಯ ಬೆರಳ ಕೆಳಗೆ ಒಂದು ಗುಂಡಿ ಇಟ್ಟು, ಬೀದಿಯಾಚೆ ನನ್ನ ಕೆಲಸದ ಮೇಜಿನ ಮೇಲೆ ಒಂದು ಗಂಟೆ ಇಟ್ಟಿದ್ದೆ. ಮೊದಲು ಕ್ಯಾಮೆರಾ ಹಾಕುತ್ತೇನೆ ಎಂದಿದ್ದೆ. ಅವಳು ಹತ್ತು ನಿಮಿಷ ಹುಬ್ಬು ಕುಣಿಸಿ "ನನ್ನನ್ನು ಟಿವಿ ಮಾಡಬೇಡ" ಎಂದು ಬರೆಸಿದಳು. ಸರಿ, ಗುಂಡಿಯೇ ಆಯಿತು. ದಿನಕ್ಕೆ ಐದಾರು ಸಲ ಒತ್ತುತ್ತಿದ್ದಳು, ನಾನು ಓಡುತ್ತಿದ್ದೆ. ನನ್ನ ಮೇಜಿನಿಂದ ಅವಳ ಮಂಚಕ್ಕೆ ಎರಡು ನಿಮಿಷ ಹತ್ತು ಸೆಕೆಂಡು.

ಐದು ವಾರದ ಹಿಂದೆ ಅವಳ ಬೆರಳು ಸೋಲತೊಡಗಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಯಾವತ್ತಾದರೂ ಉಸಿರು ತಾನಾಗೇ ನಿಂತುಬಿಡಬಹುದು. ನಾಲ್ಕು ನಿಮಿಷದೊಳಗೆ ರಬ್ಬರ್ ಚೀಲ ಒತ್ತಿ ಗಾಳಿ ಕೊಟ್ಟರೆ ಉಳೀತಾರೆ" ಎಂದರು. ಚೀಲ ಒತ್ತುವ ಶಕ್ತಿ ಅತ್ತೆಯ ಕೈಗಿಲ್ಲ. ಅವತ್ತೇ ಅವಳ ಎದೆಗೆ ಒಂದು ಬೆಲ್ಟು ಕಟ್ಟಿದೆ. ಉಸಿರು ತೆಗೆದುಕೊಂಡಾಗ ಒಂದು ಸಂದೇಶ, ಬಿಟ್ಟಾಗ ಒಂದು ಸಂದೇಶ, ನೇರ ನನ್ನ ಮೇಜಿಗೆ. ಅವಳಿಗೆ ಮಾತ್ರ ಅದು ಗುಂಡಿಯ ಬ್ಯಾಟರಿ ಇಡುವ ಪಟ್ಟಿ ಎಂದು ಹೇಳಿದೆ. ಕಣ್ಣಳತೆಯವಳು, ಆದರೂ ನನ್ನ ಮಾತು ನಂಬಿದಳು.

ಇಲ್ಲಿ ಮಾಡ್ಯೂಲಿನ ವಿಷಯ ಸ್ವಲ್ಪ ಹೇಳಲೇಬೇಕು. ಬಡಬಡ ಮಾತಾಡುವ ಮಾಡ್ಯೂಲು ಕಣ್ಣು ಮಿಟುಕಿಸುವುದರೊಳಗೆ ಸಂದೇಶ ಮುಗಿಸುತ್ತದೆ, ಆದರೆ ಅದರ ಮಾತು ಬೀದಿ ದಾಟುವುದಿಲ್ಲ. ಎಳೆದೆಳೆದು ಮಾತಾಡುವ ಮಾಡ್ಯೂಲಿನ ಮಾತು ದಾಟುತ್ತದೆ, ನಾವು ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದ ಹಾಗೆ. ಆದರೆ ಒಂದು ಸಂದೇಶಕ್ಕೆ ಒಂದೂವರೆ ಸೆಕೆಂಡು ಹಿಡಿಯುತ್ತದೆ. ಈ ಪುಟ್ಟ ಸಾಧನಗಳಿಗೆಂದು ಇಲಾಖೆ ಬಿಟ್ಟುಕೊಟ್ಟಿರುವ ತರಂಗದ ಓಣಿ ಕಿರಿದು, ಎಲ್ಲರೂ ಅದರಲ್ಲೇ ಓಡಾಡಬೇಕು. ಆದ್ದರಿಂದ ಒಂದು ಸಾಧನ ಗಂಟೆಗೆ ಮೂವತ್ತಾರು ಸೆಕೆಂಡು ಮಾತ್ರ ಬಾಯಿ ತೆರೆಯಬಹುದು, ಮಿಕ್ಕ ಹೊತ್ತು ಮುಚ್ಚಿಕೊಂಡಿರಬೇಕು. ನನ್ನ ಬೆಲ್ಟು ಗಂಟೆಗೆ ನಲವತ್ತೈದು ನಿಮಿಷ ಮಾತಾಡುತ್ತಿತ್ತು. ಸಾಲದು ಎಂದು ಉದ್ದದ ಆಂಟೆನಾ ಬೇರೆ ಹಾಕಿದ್ದೆ. ಮಾಡ್ಯೂಲಿನ ಬೆನ್ನ ಮೇಲೆ ಇಲಾಖೆಯ ಮುದ್ರೆ ಇದ್ದರೂ ಆಂಟೆನಾ ಬದಲಿಸಿದ ಗಳಿಗೆಯೇ ಅದು ರದ್ದಾಗುತ್ತದೆ ಎಂದು ಹತ್ತು ವರ್ಷದಿಂದ ಎಲ್ಲರ ತಲೆ ತಿಂದವನು ನಾನೇ.

ಮೇಷ್ಟ್ರ ಗುಂಡಿಯನ್ನು ನಾನು ಬಹಳ ಹೆಮ್ಮೆಯಿಂದ ಆರಿಸಿದ್ದೆ. ಅದು ಮರ್ಯಾದಸ್ಥ ಮಾಡ್ಯೂಲು. ಒತ್ತಿದ ಕೂಡಲೇ ಕಿರುಚುವುದಿಲ್ಲ, ಓಣಿಯಲ್ಲಿ ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಎಂದು ಒಂದು ಸೆಕೆಂಡು ಕಿವಿಗೊಡುತ್ತದೆ. ಮಾತಾಡುತ್ತಿದ್ದರೆ ಕಾಯುತ್ತದೆ. ನನ್ನ ಬೆಲ್ಟು ಬಿಡುತ್ತಿದ್ದದ್ದು ಅರ್ಧರ್ಧ ಸೆಕೆಂಡಿನ ಸಂದು. ಹಾಗಾಗಿ ಅದು ನಾಲ್ಕು ಗಂಟೆ ಕಾಯುತ್ತಲೇ ಇತ್ತು, ಮೇಷ್ಟ್ರು ಒತ್ತುತ್ತಲೇ ಇದ್ದರು.

"ಗುಂಡಿದೇನೂ ತಪ್ಪಿರಲ್ಲಪ್ಪ" ಎಂದರು ಮೇಷ್ಟ್ರು, ದಿಂಬಿನ ಮೇಲಿಂದ ನನ್ನ ಪರದೆಯನ್ನು ನೋಡುತ್ತ. "ನಾನೇ ಸರಿಯಾಗಿ ಒತ್ತಲಿಲ್ಲವೇನೋ. ವಯಸ್ಸಾಯ್ತು ನೋಡು, ಒಂದು ಗುಂಡಿ ಒತ್ತೋಕೂ ಬರಲ್ಲ. ಸೊಸೆ ಪಾಪ ಎರಡು ದಿನದಿಂದ ಅಳ್ತಿದಾಳೆ."

"ಬ್ಯಾಟರಿ ಇಳಿದಿತ್ತು ಮೇಷ್ಟ್ರೇ" ಎಂದು ಹಸಿ ಸುಳ್ಳು ಹೇಳಿ ಯಂತ್ರ ಮಡಚಿಕೊಂಡು ಬಂದೆ. ಮೆಟ್ಟಿಲ ಕೆಳಗೆ ನಿಂತು ನನಗೆ ನಾನೇ ಉಗಿದುಕೊಂಡೆ.

ಬುಧವಾರವಿಡೀ ಲೆಕ್ಕ ಹಾಕಿದೆ. ಮೂವತ್ತಾರು ಸೆಕೆಂಡಿನಲ್ಲಿ ಇಪ್ಪತ್ನಾಲ್ಕು ಸಂದೇಶ, ಅಂದರೆ ಎರಡೂವರೆ ನಿಮಿಷಕ್ಕೊಂದು. ಒಂದು ಸಂದೇಶ ಹೋದ ಮರುಕ್ಷಣವೇ ಉಸಿರು ನಿಂತರೆ, ನನಗೆ ತಿಳಿಯುವ ಹೊತ್ತಿಗೆ ಎರಡೂವರೆ ನಿಮಿಷ ಆಗಿರುತ್ತದೆ. ನನ್ನ ಓಟ ಸೇರಿದರೆ ನಾಲ್ಕು ನಿಮಿಷ ನಲವತ್ತು ಸೆಕೆಂಡು. ಡಾಕ್ಟರು ಹೇಳಿದ್ದು ನಾಲ್ಕು. ಆ ನಲವತ್ತು ಸೆಕೆಂಡನ್ನು ಎಲ್ಲಿಂದ ತರಲಿ? ಮೆಟ್ಟಿಲು ಎರಡೆರಡು ಹಾರಿ ನೋಡಿದೆ. ಐದು ಸೆಕೆಂಡು ಉಳಿಯಿತು, ಮೊಣಕಾಲು ಉಳುಕಿತು. ಬೇರೆ ಏನೂ ತೋಚಲಿಲ್ಲ. ಭಯ ಬಿದ್ದವನ ತಲೆ ಗಾಣದೆತ್ತು, ಒಂದೇ ಸುತ್ತು ಸುತ್ತುತ್ತಿತ್ತು.

ಗುರುವಾರ ಬೆಳಿಗ್ಗೆ ಬೆಲ್ಟಿನ ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಇಲಾಖೆಯವರು ಬಂದು ಹೋಗುವ ತನಕ ಆರಿಸಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೇಷ್ಟ್ರು ನೆನಪಾದರು, ಸ್ವಿಚ್ಚು ಆರಿಸಿದೆ. ಹೆಂಡತಿಯ ಮುಖ ನೋಡಿದೆ, ಅಲ್ಲಿಗೆ ಮುಗಿಯಿತು, ಮತ್ತೆ ಹಾಕಿ ಕೆಲಸಕ್ಕೆ ಹೋದೆ.

ಇಲಾಖೆಯಿಂದ ಬಂದವರು ಐವತ್ತರ ಆಸುಪಾಸಿನ ಒಬ್ಬ ಮೇಡಂ. ಕೈಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ. ಕಂಪನಿಯ ಪರವಾಗಿ ಅವರ ಜೊತೆ ತಿರುಗಲು ಯಜಮಾನರು ಕಳಿಸಿದ್ದು ಬೇರೆ ಯಾರನ್ನೂ ಅಲ್ಲ, ನನ್ನನ್ನೇ.

"ಆ ಕೊನೆಯಲ್ಲಿ ರಿಮೋಟ್ ಗೇಟ್ ಇದೆ ಮೇಡಂ, ಅಲ್ಲಿಂದ ಇರಬಹುದು" ಎಂದೆ.

"ಗೇಟು ಎರಡು ಸೆಕೆಂಡಿಗೊಮ್ಮೆ ತೆಗೆದು ಹಾಕ್ತಾರೇನ್ರೀ?" ಎಂದು ಅವರು ಮುಳ್ಳನ್ನು ತಿರುಗಿಸಿದರು. ಅದು ನನ್ನ ಮನೆಯಿದ್ದ ಕಟ್ಟಡದ ಕಡೆ ನಿಂತಿತು. ಮೆಟ್ಟಿಲು ಹತ್ತಿದೆವು. ಎರಡನೇ ಮಹಡಿಯಲ್ಲಿ ನನ್ನ ಬಾಗಿಲಿಗೆ ಮುಖ ಮಾಡಿ ನಿಂತರು.

"ಈ ಮನೆ ಯಾರದು?"

"ನನ್ನದೇ" ಎಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.

ಅತ್ತೆ ಎಚ್ಚರವಾಗಿದ್ದರು. "ಯಾರಪ್ಪ ಇವರು, ಟಿವಿ ರಿಪೇರಿಯವರಾ?" ಎಂದರು. ಮೇಡಂ ಕೋಣೆಯ ನಾಲ್ಕೂ ಮೂಲೆಗೆ ಮುಳ್ಳು ತಿರುಗಿಸಿ ಕೊನೆಗೆ ಮಂಚದ ಕಡೆ ಹಿಡಿದರು. ಅದು ನನ್ನ ಹೆಂಡತಿಯ ಎದೆಯ ನೇರಕ್ಕೆ ನಿಂತಿತು. "ಇವರ ಎದೆಯಿಂದ ಬರ್ತಿದೆ" ಎಂದರು, ನಂಬಲಾಗದವರ ಹಾಗೆ. "ಇವರು ಉಸಿರಾಡಿದ ಹಾಗೆಲ್ಲ ಹೋಗ್ತಿದೆ. ಏನಿದು?"

ಹೇಳಿಬಿಟ್ಟೆ. ಡಾಕ್ಟರು ಹೇಳಿದ್ದು, ಬೆಲ್ಟು ಕಟ್ಟಿದ್ದು, ಐದು ವಾರದಿಂದ ಅವಳ ಒಂದೊಂದು ಉಸಿರೂ ನನ್ನ ಮೇಜಿನ ಮೇಲೆ ಹಸಿರು ದೀಪವಾಗಿ ಮಿನುಗುತ್ತಿದ್ದದ್ದು, ಎಲ್ಲವನ್ನೂ. ಅವಳು ಅಲ್ಲೇ ಇದ್ದಾಳೆ, ಅವಳಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಎನ್ನುವುದು ಹೇಳಿ ಮುಗಿಸಿದ ಮೇಲೆ ಹೊಳೆಯಿತು. ತಿರುಗಿ ನೋಡಿದೆ. ಅವಳ ಕಣ್ಣು ನನ್ನನ್ನೇ ನೋಡುತ್ತಿತ್ತು. ಆಮೇಲೆ ಸೂರಿನ ಕಡೆ ಹೊರಳಿತು.

"ಆ ಕಟ್ಟಡದ ಅಜ್ಜನ ಗುಂಡಿ ಮಾಡಿದ್ದು ನೀವೇ ಅಲ್ವಾ?" ಎಂದು ಮೇಡಂ ಕೇಳಿದರು.

"ಹೌದು. ಅದೂ ನಾನೇ, ಇದೂ ನಾನೇ."

"ಅವರೂ ಯಾರಿಗೋ ಬೇಕಾದವರೇ ಅಲ್ವೇನ್ರೀ? ಆಂಟೆನಾ ಬಿಚ್ಚಿ."

ನಾನು ಕೈ ಮುಗಿದೆ. ಕಾಲಿಗೆ ಬೀಳುತ್ತೇನೆ ಎಂದೆ, ಬಿದ್ದೂ ಬಿಟ್ಟೆ. ಹತ್ತು ವರ್ಷ ನಿಯಮ ನಿಯಮ ಎಂದು ಬಡಿದುಕೊಂಡವನು ಇಲಾಖೆಯವರ ಕಾಲ ಬಳಿ ಕೂತು, ಒಂದೇ ಒಂದು ಉಸಿರಿಗೆ ವಿನಾಯಿತಿ ಕೊಡಿ ಎಂದು ಕಣ್ಣೀರಿಟ್ಟು ಬೇಡಿದೆ. ಅತ್ತೆಯವರೂ ಏನೆಂದು ತಿಳಿಯದೆ ಅಳಲು ಶುರು ಮಾಡಿದರು.

"ಏಳ್ರೀ, ಏಳಿ. ನಿಯಮ ನಿಮ್ಮ ಮೇಲೆ ಹಗೆ ಸಾಧಿಸೋಕೆ ಬರೆದಿದ್ದಲ್ಲ" ಎಂದರು ಮೇಡಂ. ಕುರ್ಚಿ ಎಳೆದುಕೊಂಡು ಕೂತು ಪೆನ್ನು ತೆಗೆದರು. "ಉಸಿರು ನಡೀತಿರೋವಾಗ ಯಾಕೆ ಕೂಗಬೇಕು? ತಪ್ಪಿದಾಗ ಕೂಗಲಿ. ಹದಿನೈದು ಸೆಕೆಂಡು ಉಸಿರು ಬರಲಿಲ್ಲ ಅಂದ್ರೆ ಆ ಕ್ಷಣವೇ ಕೂಗಲಿ. ಬೆಲ್ಟೇ ಕೆಟ್ಟು ಹೋದರೆ ಗೊತ್ತಾಗೋಕೆ ಮೂರು ನಿಮಿಷಕ್ಕೊಂದು ಮಾತು, ಸರಿಯಾಗಿದೀನಿ ಅಂತ. ಅದಕ್ಕೆ ಗಂಟೆಗೆ ಮೂವತ್ತು ಸೆಕೆಂಡು. ಉಳಿದ ಆರು ಸೆಕೆಂಡು ಕೂಗೋಕೆ. ಸಾಲಲ್ವಾ?"

ಸಾಕು. ಹೊಸಬನೊಬ್ಬ ಬಂದು ಕೇಳಿದ್ದರೆ ನಾನೇ ಇದನ್ನು ಹೇಳಿಕೊಡುತ್ತಿದ್ದೆ. ನನ್ನದೇ ಹೆಂಡತಿಯ ವಿಷಯಕ್ಕೆ ಬಂದಾಗ ಬುದ್ಧಿಗೆ ಮಂಕು ಕವಿದಿತ್ತು. ನನಗೆ ಸುದ್ದಿ ಬೇಕಾಗಿರಲಿಲ್ಲ, ಅವಳ ಉಸಿರೇ ಬೇಕಾಗಿತ್ತು, ಒಂದೂ ಬಿಡದೆ.

ಅವರ ಎದುರಿಗೇ ಆಂಟೆನಾ ಬಿಚ್ಚಿ, ಬೆಲ್ಟಿನ ಬಾಯಿ ಮುಚ್ಚಿಸಿದೆ. ಹನ್ನೆರಡು ದಿನ ರಜೆ ಹಾಕಿ, ಅವಳ ಮಂಚದ ಪಕ್ಕದಲ್ಲೇ ಕೂತು ಹೊಸ ಬೆಲ್ಟು ಮಾಡಿದೆ. ಬೇರೆ ಮಾಡ್ಯೂಲು ಆರಿಸಿದೆ, ಅದರ ಜೊತೆ ಬಂದ ಗಿಡ್ಡ ಆಂಟೆನಾವನ್ನು ಮುಟ್ಟಲಿಲ್ಲ. ಯಜಮಾನರ ಮುಂದೆ ತಪ್ಪು ಒಪ್ಪಿಕೊಂಡು ಹೊಟ್ಟೆ ತುಂಬ ಬೈಸಿಕೊಂಡೆ. ಮೇಷ್ಟ್ರ ಮುಂದೆ ಹೋಗಿ ನಿಂತಾಗ ಮಾತ್ರ ತೊದಲಿ ತೊದಲಿ ಹೇಳಿದೆ. ಅವರು "ಅಂದ್ರೆ ನಾನು ಸರಿಯಾಗೇ ಒತ್ತಿದ್ದೆ ಅಲ್ವಾ?" ಎಂದರು. ಹೌದು ಮೇಷ್ಟ್ರೇ, ಪ್ರತಿ ಸಲವೂ ಸರಿಯಾಗೇ ಒತ್ತಿದ್ದಿರಿ ಎಂದೆ. ಸೊಸೆಯನ್ನು ಕೂಗಿ ಕರೆದು, ಅದನ್ನು ಇನ್ನೊಂದು ಸಲ ಹೇಳು ಎಂದರು.

ಆ ಹನ್ನೆರಡು ದಿನವೂ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ರಟ್ಟು ಹಿಡಿದರೆ ಕಣ್ಣು ಮುಚ್ಚುತ್ತಿದ್ದಳು. ನಾನು ಕೆಲಸ ಮಾಡುತ್ತಲೇ ಹೋದೆ. ಜೀವ ಉಳಿದರೆ ಕೋಪ ಹೇಗಾದರೂ ಇಳಿಯುತ್ತದೆ ಎಂದುಕೊಂಡೆ.

ಹೊಸ ಬೆಲ್ಟು ಇಲಾಖೆಯ ಪರೀಕ್ಷೆಯಲ್ಲಿ ಪಾಸಾಯಿತು. ಗಂಟೆಗೆ ಮೂವತ್ತು ಸೆಕೆಂಡು, ಕೂಗಿದರೂ ಮೂವತ್ತಾರು ದಾಟುವುದಿಲ್ಲ. ಮೇಡಂ ತಾವೇ ಮುದ್ರೆ ಒತ್ತಿ ಕಾಗದ ಕೊಟ್ಟರು. ಅದನ್ನು ಎದೆಗವಚಿಕೊಂಡು ಮನೆಗೆ ಓಡಿ ಬಂದು, ಮಂಚದ ಅಂಚಿಗೆ ಕೂತು ಅವಳಿಗೆ ಪೂರ್ತಿ ಓದಿ ಹೇಳಿದೆ. ಅವತ್ತು ಅವಳು ಹುಬ್ಬು ಏರಿಸಿದಳು. ರಟ್ಟು ತಂದೆ.

"ಬೆಲ್ಟು ಬೇಡ" ಎಂದು ಬರೆಸಿದಳು.

"ಯಾಕೆ? ಈಗ ಯಾರಿಗೂ ತೊಂದರೆ ಇಲ್ಲ ಕಣೇ. ಪರವಾನಗಿ ಇದೆ, ನೋಡು."

"ಗುಂಡಿ ಸಾಕು."

"ಹುಚ್ಚು ಹಿಡಿದಿದೆಯಾ ನಿನಗೆ? ಒತ್ತೋಕೆ ಆಗದೆ ಹೋದ್ರೆ? ನಿದ್ದೆಯಲ್ಲಿ ಆದ್ರೆ?" ನನ್ನ ದನಿ ಎಷ್ಟು ಏರಿತ್ತೆಂದರೆ ಅತ್ತೆಗೂ ಕೇಳಿಸಿ ಬಾಗಿಲಿಗೆ ಬಂದರು.

ಅವಳು ನಿಧಾನವಾಗಿ, ಒಂದೊಂದೇ ಅಕ್ಷರಕ್ಕೆ ಕಾದು, ನಾನು ತಪ್ಪಾಗಿ ಊಹಿಸಿದಾಗೆಲ್ಲ ಕಣ್ಣು ಮುಚ್ಚಿ ತಿದ್ದಿಸಿ ಬರೆಸಿದಳು: "ಉಸಿರು ನನ್ನದು. ನೀನು ನನ್ನ ಕೇಳಲಿಲ್ಲ."

ಕೇಳಿರಲಿಲ್ಲ. ಗಾಳಿಯಲ್ಲಿ ಮೂವತ್ತಾರು ಸೆಕೆಂಡು ಬೇಕೆಂದು ನಲವತ್ತು ಪುಟದ ಅರ್ಜಿ ತುಂಬಿದ್ದೆ, ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕೋಪ ಬಂತು, ಅಳು ಬಂತು. ನೀನು ಹೋದ ಮೇಲೆ ಇರಬೇಕಾದವನು ನಾನು, ಆ ಬಗ್ಗೆ ನೀನು ನನ್ನನ್ನು ಕೇಳಿದೆಯಾ ಎಂದು ಕೂಗಾಡಿದೆ. ಅವಳ ಕಣ್ಣಿನಲ್ಲೂ ನೀರು ತುಂಬಿತು, ಆದರೆ ಮಾತು ಬದಲಿಸಲಿಲ್ಲ. ಅವಳು ಮಲಗಿದ ಮೇಲೆ ಗೊತ್ತಾಗದಂತೆ ಕಟ್ಟಿಬಿಡಬಹುದಿತ್ತು. ಅದನ್ನು ಯೋಚಿಸಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಬೆಲ್ಟನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ.

ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ನನ್ನ ಮೇಜಿನ ಮೇಲೆ ಗಂಟೆಯೊಂದೇ ಉಳಿಯಿತು. ಅದು ಹೊಡೆಯದಿದ್ದರೆ ಅವಳು ಚೆನ್ನಾಗಿದ್ದಾಳೆ ಎಂದಾದರೂ ಆಗಬಹುದು, ಇನ್ನೇನಾದರೂ ಆಗಬಹುದು. ಮೊದಲ ದಿನ ಏಳು ಸಲ ಮನೆಗೆ ಓಡಿದೆ. ಏಳನೇ ಸಲ ಅವಳು ರಟ್ಟು ತರಿಸಿ "ನಾನು ಕರೆದೆನಾ?" ಎಂದು ಕೇಳಿದಳು. ಆಮೇಲೆ ಹೋಗಲಿಲ್ಲ. ಬೆಸುಗೆ ಹಾಕುತ್ತ ಒಂದೇ ದಿನದಲ್ಲಿ ಮೂರು ಮಾಡ್ಯೂಲು ಸುಟ್ಟೆ, ಯಾರೂ ನನಗೆ ಉಪದೇಶ ಮಾಡಲಿಲ್ಲ.

ಒಂಬತ್ತನೇ ದಿನ ಹನ್ನೊಂದೂಕಾಲಿಗೆ ಗಂಟೆ ಹೊಡೆಯಿತು. ಕುರ್ಚಿ ಬೀಳಿಸಿಕೊಂಡು ಓಡಿದೆ. ಬೀದಿಯಲ್ಲಿ ಒಂದು ಸೈಕಲ್ಲಿಗೆ ಅಡ್ಡ ಹೋಗಿ ಬೈಸಿಕೊಂಡೆ, ಮೆಟ್ಟಿಲು ಎರಡೆರಡು ಹಾರಿದೆ, ಬಾಗಿಲು ತಳ್ಳಿದಾಗ ಎರಡು ನಿಮಿಷ ಐದು ಸೆಕೆಂಡು.

ಅವಳು ಉಸಿರಾಡುತ್ತಿದ್ದಳು. ಕಿಟಕಿಯ ಪರದೆ ಸರಿದು, ಬಿಸಿಲು ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ಕೆಂಪಗಾಗಿ, ನೀರು ಕಿವಿಯ ತನಕ ಇಳಿದಿತ್ತು. ಪಕ್ಕದ ಕುರ್ಚಿಯಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಅತ್ತೆ ತೂಕಡಿಸುತ್ತಿದ್ದರು. ಪರದೆ ಎಳೆದೆ, ಅವಳ ಮುಖ ಒರೆಸಿದೆ. ಏದುಸಿರು ಬಿಡುತ್ತ, "ನೋಡು, ಎರಡು ನಿಮಿಷದಲ್ಲಿ ಬಂದೆ" ಎಂದು ಹಲ್ಲು ಕಿರಿದೆ. ಆಗ ಅವಳ ಬೆರಳು ನೋಡಿದೆ. ಅದು ಗುಂಡಿಯ ಮೇಲೆ ಇನ್ನೂ ನಡುಗುತ್ತಿತ್ತು.

"ಒತ್ತೋಕೆ ಎಷ್ಟು ಹೊತ್ತು ಹಿಡಿಯಿತು?" ಎಂದು ಕೇಳಿದೆ. ರಟ್ಟಿನ ಮೇಲೆ ಬೆರಳು ಓಡಿಸಿದೆ.

"ಅರ್ಧ ಗಂಟೆ."

ನಾನು ಎರಡು ನಿಮಿಷ ಓಡಿ ಬಂದ ಕರೆಯನ್ನು ಕರೆಯಲು ಅವಳು ಅರ್ಧ ಗಂಟೆ ಬಿಸಿಲಿನಲ್ಲಿ ಕಣ್ಣು ಉರಿಸಿಕೊಂಡು ಹೆಣಗಿದ್ದಳು. ಕಪಾಟಿನಿಂದ ಬೆಲ್ಟು ತಂದೆ. ಅವಳ ಕಣ್ಣಿಗೆ ಕಾಣುವಂತೆ ಎರಡೂ ಕೈಯಲ್ಲಿ ಹಿಡಿದು, ಮೊದಲನೇ ಸಲ ಅವಳನ್ನು ಕೇಳಿದೆ.

"ಕಟ್ಟಲಾ?"

ಅವಳು ಬೆಲ್ಟನ್ನು ನೋಡಿದಳು. ಹೊಲಿಗೆ ಹೇಗಿದೆ ಎಂದು ನೋಡುತ್ತಿದ್ದ ಹಾಗಿತ್ತು. ಆಮೇಲೆ ನನ್ನನ್ನು ನೋಡಿದಳು, ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ತೆರೆದು ಹುಬ್ಬು ಏರಿಸಿದಳು, ರಟ್ಟು ಬೇಕೆಂದು.

"ನಾಳೆ ಕೇಳು" ಎಂದು ಬರೆಸಿದಳು.

ಅತ್ತೆಯನ್ನು ಎಬ್ಬಿಸಿ, ಪರದೆಗೊಂದು ಪಿನ್ನು ಚುಚ್ಚಿ, ಮೇಜಿಗೆ ಹಿಂದಿರುಗಿದೆ. ಸಂಜೆಯವರೆಗೂ ಗಂಟೆ ಹೊಡೆಯಲಿಲ್ಲ. ಅವಳು ಕರೆದಿರಲಿಲ್ಲ, ನಾನು ಏಳಲಿಲ್ಲ.